ಜಾಡ್ಯಕಾಲದ ಸಂಬಳ

ಮನೆಯಲ್ಲಿ ಒಬ್ಬರಿಗೆ ಜ್ವರ ಕಾಣಿಸಿಕೊಂಡೊಡನೆ ಹಿರಿಯರ ಬಾಯಿಂದ ಮೊದಲು ಹೊರಡುವ ಮಾತು, "ಎಲ್ಲಿಗೂ ಹೋಗಬೇಡ, ಒಳಕೋಣೆಯಲ್ಲಿ ಮಲಗು" ಎಂಬುದು. ಗಂಜಿ, ಕಷಾಯ, ಬೇರೆ ಲೋಟ, ಬೇರೆ ಹಾಸಿಗೆ, ಇವೆಲ್ಲ ಆಮೇಲಿನ ಏರ್ಪಾಡುಗಳು. ಅಂಟುಜಾಡ್ಯಕ್ಕೆ ವೈದ್ಯಶಾಸ್ತ್ರವು ಹೇಳುವ ಮೊದಲ ಉಪಾಯವೂ ಬಹುಮಟ್ಟಿಗೆ ಇದೇ. ಆದರೆ ಈ ಮಾತನ್ನು ಆಡುವುದು ಎಷ್ಟು ಸುಲಭವೋ ಅದರಂತೆ ನಡೆಯುವುದು ಎಲ್ಲರಿಗೂ ಅಷ್ಟು ಸುಲಭವಲ್ಲ. ಜ್ವರದಿಂದ ಮಲಗಬೇಕಾದವನು ದಿನಗೂಲಿಯವನಾದರೆ, ಆ ದಿನ ಅವನ ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟ. ಆದಕಾರಣ ಅವನು ಒಂದು ಮಾತ್ರೆಯನ್ನು ನುಂಗಿ, ಮೈಬಿಸಿಯನ್ನು ಮರೆಮಾಚಿ, ಕೆಲಸಕ್ಕೆ ಹೊರಡುತ್ತಾನೆ. ಅವನೊಡನೆ ಜಾಡ್ಯವೂ ಹೊರಡುತ್ತದೆ.

ಹೀಗಿರುವುದರಿಂದ, ಜಾಡ್ಯದ ಕಾಲದಲ್ಲಿ ಕಾರ್ಖಾನೆ, ಕಚೇರಿ, ಅಂಗಡಿಗಳ ಯಜಮಾನರು ತಮ್ಮ ಕೆಲಸಗಾರರ ರಜೆ, ಸಂಬಳ, ಹೊತ್ತುಗಳ ವಿಷಯದಲ್ಲಿ ಮಾಡುವ ಕಟ್ಟಳೆಗಳು ಅವರ ಲೆಕ್ಕದ ಪುಸ್ತಕಕ್ಕೆ ಮಾತ್ರ ಸೇರಿದುವಲ್ಲ. ಇಡೀ ಊರಿನ ಆರೋಗ್ಯವು ಅವುಗಳಿಗೆ ಕಟ್ಟುಬಿದ್ದಿದೆ. ಇದನ್ನು ಕುರಿತು ವಾಚಕರೊಡನೆ ನಾಲ್ಕು ಮಾತು ಆಡಬೇಕೆಂಬುದು ನಮ್ಮ ಉದ್ದೇಶ.

ಮೊದಲು ಹಳೆಯ ಒಂದು ಸಂಗತಿಯನ್ನು ನೋಡೋಣ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾಕ್ಟರ್ ವಿಯೆಗಾಸ್ ಎಂಬವರು ಪ್ಲೇಗು ರೋಗವನ್ನು ಗುರುತಿಸಿದರು. ಎಂಟು ಲಕ್ಷದಷ್ಟು ಜನರಿದ್ದ ಆ ನಗರದಿಂದ ಮುಂದಿನ ಕೆಲವು ತಿಂಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರು. ಹತ್ತಿಯ ಗಿರಣಿಗಳಲ್ಲಿ ಯಂತ್ರಗಳಿದ್ದುವು, ಹತ್ತಿಯಿದ್ದಿತು, ಕೈಗಳಿರಲಿಲ್ಲ. ಆ ಕಾಲದ ಗಿರಣಿಗಳಲ್ಲಿ ತಿಂಗಳಿಗೊಮ್ಮೆ ಸಂಬಳ. ಅದೂ ತಿಂಗಳು ಮುಗಿದೊಡನೆ ಕೈಗೆ ಬರುತ್ತಿರಲಿಲ್ಲ. ಹಿಂದಿನ ಬಾಕಿಯನ್ನು ಹಿಡಿದಿಟ್ಟುಕೊಂಡು, ಆಳು ಬಿಟ್ಟುಹೋಗದಂತೆ ಕಟ್ಟಿಹಾಕುವುದು ರೂಢಿಯಾಗಿದ್ದಿತು. ಆದರೆ ನಾಳೆ ಬದುಕಿರುವೆನೋ ಇಲ್ಲವೋ ಎಂದು ಅಂಜುವವನು ಮುಂದಿನ ತಿಂಗಳ ಸಂಬಳಕ್ಕೆ ಕಾದು ಕುಳಿತಾನೆಯೇ? ಗಿರಣಿಯ ಒಡೆಯರು ದಿನದ ಕೂಲಿಯನ್ನು ಆ ದಿನವೇ ಎಣಿಸಿ ಕೊಡಬೇಕಾಯಿತು. ಬೀದಿಯ ಮೂಲೆಗಳಲ್ಲಿ ಹರಾಜಿನಂತೆ ಒಬ್ಬರಿಗಿಂತ ಒಬ್ಬರು ಹೆಚ್ಚು ಕೂಲಿಯನ್ನು ಕೂಗಿ ಆಳುಗಳನ್ನು ಕರೆದೊಯ್ದುದೂ ಉಂಟು.

ಪ್ಲೇಗಿನ ಭಯ ತಗ್ಗಿದ ಮೇಲೆ ತಿಂಗಳ ಸಂಬಳ, ಹಿಡಿದಿಟ್ಟ ಬಾಕಿ ಎರಡೂ ಹಿಂತಿರುಗಿದುವು. ಅದಲ್ಲದೆ, ದಿನದ ಕೂಲಿ ದೊರೆತದ್ದು ಗಿರಣಿಗೆ ಬಂದವನಿಗೆ. ರೋಗಿಯಾಗಿ ಚಾಳಿನ ಕೋಣೆಯಲ್ಲಿ ಬಿದ್ದವನಿಗೆ ಅಲ್ಲ. ಇನ್ನೊಂದು ಕಡೆ 1897ರ ಫೆಬ್ರವರಿಯಲ್ಲಿ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿ, ಮನೆಮನೆಗಳನ್ನು ಶೋಧಿಸಿ ರೋಗಿಗಳನ್ನು ಆಸ್ಪತ್ರೆಗೆ ಎಳೆದೊಯ್ಯಲು ತೊಡಗಿತು. ಕಾಯಿಲೆಯನ್ನು ಹೇಳಿಕೊಂಡವನಿಗೆ ಕೂಲಿಯೂ ಇಲ್ಲ, ಮನೆಯೂ ಇಲ್ಲ ಎಂದಾದಾಗ ಜನರು ರೋಗಿಗಳನ್ನು ಬಚ್ಚಿಟ್ಟರು. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುವುದೆಂಬುದು ಆಗಿನ್ನೂ ಇತ್ಯರ್ಥವಾಗಿರಲಿಲ್ಲ. ಆದರೆ ಶಿಕ್ಷೆಗೆ ಅಂಜಿದವನು ಕಾಯಿಲೆಯನ್ನು ಮುಚ್ಚಿಡುತ್ತಾನೆಂಬುದನ್ನು ತಿಳಿಯಲು ಸೂಕ್ಷ್ಮದರ್ಶಕ ಬೇಕಾಗಿರಲಿಲ್ಲ.

ಕಾಯಿಲೆಯವನಿಗೆ ಸಂಬಳವೆಂಬ ತತ್ತ್ವವು ನಮ್ಮ ದೇಶದಲ್ಲಿ ಕಾಯಿದೆಯ ರೂಪವನ್ನು ತಾಳಿದ್ದು 1948ರಲ್ಲಿ. ಆ ವರ್ಷದ ನೌಕರರ ರಾಜ್ಯ ವಿಮಾ ಕಾಯಿದೆಯಂತೆ ಏರ್ಪಟ್ಟ ಯೋಜನೆಯು 1952ರ ಫೆಬ್ರವರಿಯಲ್ಲಿ ಕಾನ್ಪುರ, ದೆಹಲಿಗಳಲ್ಲಿ ಮೊದಲಾಯಿತು. ಕೆಲಸಗಾರನೂ ಯಜಮಾನನೂ ತಮ್ಮ ತಮ್ಮ ಪಾಲನ್ನು ಕಟ್ಟುತ್ತ ಬಂದರೆ, ಕಾಯಿಲೆಯ ದಿನಗಳಲ್ಲಿ ಕೂಲಿಯ ಒಂದು ಪಾಲು ದೊರೆಯುವಂತೆ ಆಯಿತು; ಕಾಲಕ್ರಮದಲ್ಲಿ ಅದು ನೂರಕ್ಕೆ 70 ಪಾಲು, ವರ್ಷಕ್ಕೆ 91 ದಿನಗಳವರೆಗೆ ಎಂದು ಹೆಚ್ಚಿತು. ಆದರೆ ಇದರ ನೆರಳು ಬಿದ್ದದ್ದು ಲೆಕ್ಕಪತ್ರವುಳ್ಳ ಕಾರ್ಖಾನೆ, ಅಂಗಡಿಗಳ ಮೇಲೆ. ಕಟ್ಟಡದ ಕೂಲಿ, ತಳ್ಳುಗಾಡಿಯವನು, ಮನೆಗೆಲಸದಾಕೆ ಮೊದಲಾದವರಲ್ಲಿ ಬಹುಪಾಲು ಜನ ಹೊರಗೆ ಬಿಸಿಲಿನಲ್ಲಿಯೇ ಉಳಿದರು.

2020ರಲ್ಲಿ ಕೋವಿಡ್ ಬಂದುದು ಈ ಸ್ಥಿತಿಯಲ್ಲಿ. ಆ ಮಾರ್ಚಿಯಲ್ಲಿ ಅದರಿಂದ ದೇಶದಲ್ಲಿಯೇ ಮೊದಲ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. 25ನೆಯ ತಾರೀಖಿನಿಂದ ದೇಶವೆಲ್ಲ ಬಾಗಿಲು ಹಾಕಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಕೆಲವೇ ವಾರಗಳಲ್ಲಿ ಕೆಲಸಗಾರರನ್ನು ಕಂಪ್ಯೂಟರುಗಳೊಡನೆ ಮನೆಗೆ ಕಳುಹಿಸಿದುವು. ಇನ್ಫೋಸಿಸ್ ಸಂಸ್ಥೆಯಲ್ಲಿ ನೂರಕ್ಕೆ 90ಕ್ಕೂ ಮಿಕ್ಕಿದ ಜನ ಮನೆಯಿಂದಲೇ ದುಡಿದರು. ಅಡಿಗೆಮನೆಯ ಮೇಜು ಕಚೇರಿಯಾಯಿತು. ಗೃಹಿಣಿಯು ಒಂದೇ ಹೊತ್ತಿನಲ್ಲಿ ಕಚೇರಿಗೂ, ಮಕ್ಕಳ ಪಾಠಕ್ಕೂ, ಕುಕ್ಕರಿಗೂ ಉತ್ತರ ಹೇಳಬೇಕಾಯಿತು. ಕಷ್ಟವಾದರೂ ಇವರ ಸಂಬಳ ನಿಲ್ಲಲಿಲ್ಲ.

ಲೇತ್ ಯಂತ್ರವನ್ನಾಗಲಿ, ಔಷಧದ ಕಡಾಯಿಯನ್ನಾಗಲಿ ಮನೆಗೆ ಹೊತ್ತೊಯ್ಯಲಾಗದು. ಅಂಥ ಕಡೆಗಳಲ್ಲಿ ಬಾಗಿಲಲ್ಲಿ ಜ್ವರ ನೋಡುವುದು, ಬೆರಳೊತ್ತಿ ಹಾಜರಿ ಹಾಕುವುದನ್ನು ನಿಲ್ಲಿಸುವುದು, ಒಂದು ಪಾಳಿಯವರು ಇನ್ನೊಂದು ಪಾಳಿಯವರನ್ನು ಸಂಧಿಸದಂತೆ ಹೊತ್ತನ್ನು ಹೊಂದಿಸುವುದು, ಬಸ್ಸಿನಲ್ಲಿಯೂ ಊಟದ ಮನೆಯಲ್ಲಿಯೂ ಅಂತರ ಬಿಟ್ಟು ಕೂರಿಸುವುದು ಮೊದಲಾದ ಏರ್ಪಾಡುಗಳಾದುವು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯಂತೆ ಜಾಡ್ಯವು ಕಾರ್ಖಾನೆಗಳನ್ನೂ ಬಿಡಲಿಲ್ಲ. ಆ ಮಾರ್ಚಿ ತಿಂಗಳ ಕೊನೆಯಲ್ಲಿಯೇ ನಂಜನಗೂಡಿನ ಒಂದು ಔಷಧ ಕಾರ್ಖಾನೆಯ ಕೆಲಸಗಾರರಲ್ಲಿ ಕಾಣಿಸಿಕೊಂಡು, ಅವರ ಮನೆಯವರಿಗೂ ಹಬ್ಬಿ, ಸುತ್ತಣ ಸೀಮೆಯನ್ನೆಲ್ಲ ತಲ್ಲಣಗೊಳಿಸಿತು.

ಇನ್ನು ಸಂಬಳದ ಮಾತು. 2020ರ ಮಾರ್ಚಿ 29ರಂದು ಕೇಂದ್ರ ಸರ್ಕಾರವು, ಮುಚ್ಚಿದ ದಿನಗಳಿಗೂ ಕಡಿತವಿಲ್ಲದೆ ಕೂಲಿ ಕೊಡಬೇಕೆಂದು ಯಜಮಾನರಿಗೆ ಆಜ್ಞೆ ಮಾಡಿತು. ಉದ್ದೇಶವೇನೋ ಒಳ್ಳೆಯದು. ಆದರೆ ಐದಾರು ಆಳುಗಳನ್ನು ಇಟ್ಟುಕೊಂಡ ಸಣ್ಣ ಯಜಮಾನನು, ಮಾರಾಟವೇ ನಿಂತಮೇಲೆ ಎಲ್ಲಿಂದ ತಂದುಕೊಡಬೇಕು? ಅವನ ಸಂಕಟವನ್ನು ತಳ್ಳಿಹಾಕುವಂತಿಲ್ಲ. ಮೇ 18ರಿಂದ ಆ ಆಜ್ಞೆಯು ರದ್ದಾಯಿತು. ಜೂನ್ 12ರಂದು ಸರ್ವೋಚ್ಚ ನ್ಯಾಯಾಲಯವು, ಎರಡು ಪಕ್ಷದವರೂ ಕುಳಿತು ಮಾತಾಡಿ ಬಗೆಹರಿಸಿಕೊಳ್ಳಲೆಂದು ಹೇಳಿತು. ಆ ನಡುವೆಯೇ, ಮೇ 22ರಂದು, ಕರ್ನಾಟಕ ಸರ್ಕಾರವು ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ ದುಡಿಸಲು ಅಪ್ಪಣೆ ಕೊಟ್ಟಿತು. ಅದು ನ್ಯಾಯಾಲಯದ ಮೆಟ್ಟಿಲೇರಿತು. ಜೂನ್ 11ರಂದು ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು. ಮೂರು ತಿಂಗಳೊಳಗೆ ಇಷ್ಟು ಕಟ್ಟಳೆಗಳು ಬಂದು ಹೋದುವು. ಜಾಡ್ಯವು ಬಾಗಿಲಿಗೆ ಬಂದಮೇಲೆ ಬರೆಯಲು ಕುಳಿತ ಕಟ್ಟಳೆಯ ಪಾಡು ಹೀಗೆಯೇ.

ಹೊರದೇಶಗಳ ಎರಡು ಉದಾಹರಣೆಗಳು ಇಲ್ಲಿ ಗಮನಾರ್ಹವಾಗಿವೆ. ಇಂಗ್ಲೆಂಡಿನಲ್ಲಿ ಕಾಯಿಲೆಯ ಮೊದಲ ಮೂರು ದಿನಗಳಿಗೆ ಕಾಯಿದೆಯ ಸಂಬಳವಿರಲಿಲ್ಲ. ಅದು ಮೊದಲಾಗುತ್ತಿದ್ದುದು ನಾಲ್ಕನೆಯ ದಿನದಿಂದ. ಸುಳ್ಳು ಕಾಯಿಲೆಗೆ ಇದು ತಡೆಯೆಂದು ಭಾವಿಸಿದ್ದರು. ಆದರೆ ಕೋವಿಡ್ ಅತಿ ಹೆಚ್ಚಾಗಿ ಅಂಟುವುದು ಕೆಮ್ಮು ಜ್ವರಗಳು ತೋರುವುದಕ್ಕೆ ಒಂದೆರಡು ದಿನ ಮೊದಲಿನಿಂದ, ತೋರಿದ ಆರಂಭದ ಕೆಲವು ದಿನಗಳವರೆಗೆ. ಯಾವ ದಿನಗಳಲ್ಲಿ ಮನುಷ್ಯನು ಮನೆಯಲ್ಲಿರಬೇಕೋ ಆ ದಿನಗಳಿಗೇ ಸಂಬಳವಿಲ್ಲವೆಂದಂತಾಯಿತು. ಇದನ್ನು ಕಂಡು 2020ರ ಮಾರ್ಚಿಯಲ್ಲಿ ಕೋವಿಡ್ ರೋಗಿಗಳಿಗೆ ಮೊದಲ ದಿನದಿಂದಲೇ ಕೊಡತಕ್ಕದ್ದೆಂದು ಬದಲಾಯಿಸಿದರು. ಅದೇ ತಿಂಗಳು ಅಮೆರಿಕವು, 500ಕ್ಕಿಂತ ಕಡಮೆ ಜನರಿರುವ ಸಂಸ್ಥೆಗಳಲ್ಲಿ ಎರಡು ವಾರಗಳವರೆಗೆ ಸಂಬಳಸಹಿತ ರಜೆಯನ್ನು ಆ ವರ್ಷದ ಮಟ್ಟಿಗೆ ವಿಧಿಸಿತು. ಇಂಥ ರಜೆಯು ಹೊಸದಾಗಿ ದೊರೆತ ರಾಜ್ಯಗಳಲ್ಲಿ, ಒಂದೊಂದರಲ್ಲೂ ದಿನಕ್ಕೆ ಸುಮಾರು 400ರಷ್ಟು ಹೊಸ ರೋಗಿಗಳು ಕಡಮೆಯಾದರೆಂದು ಅರ್ಥಶಾಸ್ತ್ರಜ್ಞರು ಲೆಕ್ಕಹಾಕಿ ತೋರಿಸಿದರು. ಸಂಬಳಸಹಿತ ರಜೆಯೆಂಬುದು ಬರಿಯ ಧರ್ಮವಲ್ಲ, ಅದೂ ಒಂದು ಬಗೆಯ ಔಷಧವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಇಷ್ಟು ಹೊತ್ತು ಊರಿನ ಯಜಮಾನರ ಮಾತನ್ನಾಡಿದೆವು. ಆದರೆ ವಾಚಕರೇ, ಪಾತ್ರೆ ತೊಳೆಯಲು ಒಬ್ಬಳನ್ನು ಇಟ್ಟುಕೊಂಡ ನಾವೂ ಯಜಮಾನರೇ ಅಲ್ಲವೆ? ನಮ್ಮ ಮನೆಯ ಒಂದು ಸಂಗತಿಯನ್ನು ಸಂಕೋಚದಿಂದಲೇ ಹೇಳುತ್ತೇವೆ. 2020ರ ಏಪ್ರಿಲಿನಲ್ಲಿ ಮನೆಗೆಲಸದ ಹೆಂಗಸಿಗೆ, ಬರುವುದು ಬೇಡವೆಂದು ಹೇಳಿ, ಪೂರ್ತಿ ಸಂಬಳವನ್ನು ಕೊಟ್ಟೆವು. ಕೊಟ್ಟೆವೆಂದು ಒಳಗೊಳಗೇ ಹಿಗ್ಗಿದೆವು. ಮೇ ತಿಂಗಳಲ್ಲಿ, ಕೆಲಸವಿಲ್ಲದ ತಿಂಗಳಿಗೆ ಇಷ್ಟು ಸಾಲದೆ ಎಂದುಕೊಂಡು ಅರ್ಧ ಕೊಟ್ಟೆವು. ಜೂನಿನಲ್ಲಿ ಅವಳು ಮರಳಿ ಬಂದಳು. ಎರಡನೆಯ ವಾರದಲ್ಲಿ ಕೆಮ್ಮುವುದು ಕೇಳಿಸಿತು. ಕೇಳಿದರೆ "ಧೂಳು" ಎಂದಳು. ಮಾರನೆಯ ದಿನ ಮುಖ ಬಾಡಿದ್ದುದನ್ನು ಕಂಡು ಮನೆಯಾಕೆ ಒತ್ತಾಯಮಾಡಿ ಕೇಳಿದಾಗ, ಎರಡು ದಿನದಿಂದ ಜ್ವರವಿರುವುದು ಹೊರಬಿದ್ದಿತು. ಮೊದಲೇ ಏಕೆ ಹೇಳಲಿಲ್ಲವೆಂದುದಕ್ಕೆ, "ಹೇಳಿದ್ರೆ ಬರಬೇಡ ಅಂತಿದ್ರಿ ಅಮ್ಮಾವ್ರೇ. ಬರದಿದ್ರೆ ಹೋದ ತಿಂಗಳ ಹಾಗೆ ಅರ್ಧ ಆಗ್ತಿತ್ತು" ಎಂದಳು.

ಆ ಉತ್ತರಕ್ಕೆ ನಮ್ಮಲ್ಲಿ ಮರುಮಾತಿರಲಿಲ್ಲ. ನಮ್ಮ ಮನೆಯಲ್ಲಿ ಆಗ ಎಂಬತ್ತು ದಾಟಿದ ಹಿರಿಯರಿದ್ದರು. ಉಳಿಸಿದ ಅರ್ಧ ಸಂಬಳದಿಂದ ನಾವು ಅವರನ್ನು ಎಂಥ ಅಪಾಯಕ್ಕೆ ಒಡ್ಡಿದ್ದೆವೆಂಬುದು ಆಗ ಹೊಳೆಯಿತು. ನಾಲ್ಕಾರು ದಿನಗಳಲ್ಲಿ ಅವಳ ಜ್ವರ ಇಳಿಯಿತು. ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ. ಅದು ನಮ್ಮ ಅದೃಷ್ಟವೇ ಹೊರತು ವಿವೇಕವಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿದೆ. ಜ್ವರವೆಂದರೆ ಮೊದಲ ದಿನದಿಂದಲೇ ರಜೆ, ಆ ದಿನಗಳಿಗೆ ಪೂರ್ತಿ ಸಂಬಳ. ಡಾಕ್ಟರರ ಚೀಟಿಯನ್ನು ಕೇಳುವುದಿಲ್ಲ. ತಪ್ಪಿದ ಕೆಲಸವನ್ನು ಆಮೇಲೆ ಸೇರಿಸಿ ಮಾಡಿಸುವುದಿಲ್ಲ. ಇದನ್ನು ಕಾಯಿಲೆ ಬಂದಾಗಲ್ಲ, ಎಲ್ಲರೂ ಚೆನ್ನಾಗಿರುವಾಗಲೇ ಅವಳಿಗೆ ಬಾಯಿಬಿಟ್ಟು ಹೇಳಿದೆವು. ಸುಳ್ಳು ಹೇಳಿ ರಜೆ ತೆಗೆದುಕೊಂಡಾಳೆಂದು ನೆಂಟರೊಬ್ಬರು ಎಚ್ಚರಿಸಿದರು. ಇಷ್ಟು ವರ್ಷಗಳಲ್ಲಿ ಅಂಥದು ಒಂದೆರಡು ಸಲ ನಡೆದಿದ್ದರೂ ನಡೆದಿರಬಹುದು. ಆ ಒಂದೆರಡು ದಿನಗಳ ಸಂಬಳವನ್ನು ನಾವು ಕಳೆದುಕೊಂಡೆವೆಂದೇ ಇಟ್ಟುಕೊಂಡರೂ, ಕೆಮ್ಮು ಬಂದ ದಿನ ಅವಳು ಬೆಳಗ್ಗೆಯೇ ಫೋನು ಮಾಡಿ "ಇವತ್ತು ಬರೋದಿಲ್ಲ ಅಮ್ಮಾವ್ರೇ" ಎಂದು ಅಂಜಿಕೆಯಿಲ್ಲದೆ ಹೇಳುವುದರ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು. ನಮ್ಮ ವಾಚಕರೂ ತಂತಮ್ಮ ಮನೆಗಳಲ್ಲಿ, ಅಂಗಡಿಗಳಲ್ಲಿ, ಈ ಒಂದು ಮಾತನ್ನು ಇಂದೇ ಆಡಿಬಿಡಲೆಂದು ಕೋರುತ್ತೇವೆ.