ನಮ್ಮ ಬೆಳೆ, ಮಿದುಳಿನ ಬೀಗ

ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತ ಹೋಗಿ, ನರಕೋಶದ ಗ್ರಾಹಕಗಳಲ್ಲಿ ಕುಳಿತು ನಿದ್ದೆ ತರುತ್ತದೆ. ಕಾಫಿಯ ಕೆಫೀನ್ ಆ ಜಾಗವನ್ನು ತಾನು ಹಿಡಿದುಬಿಡುತ್ತದೆ. ಬೀಗದೊಳಗೆ ಹೋಗಿಯೂ ತಿರುಗದ ಕೀಲಿಯಂತೆ. ದಣಿವು ಹೋಗುವುದಿಲ್ಲ, ಅದರ ಸುದ್ದಿ ಮುಟ್ಟುವುದಿಲ್ಲ, ಅಷ್ಟೆ. (ಸುಮಾರು 5 ಗಂಟೆಯ ಮೇಲೂ ಅರ್ಧ ಉಳಿದಿರುತ್ತದೆ.)

ಅಡಿಕೆಯ ಅರೆಕೋಲಿನ್ ತಿರುಗುವ ಕೀಲಿ. ಅಸಿಟೈಲ್‌ಕೋಲಿನ್‌ನಂತೆಯೇ ಮಸ್ಕರಿನಿಕ್ ಗ್ರಾಹಕಗಳನ್ನು ಚುರುಕುಗೊಳಿಸುತ್ತದೆ. ಸೊಕ್ಕಿದಾಗಿನ ಬೆವರು, ಜೊಲ್ಲು ಅದರಿಂದಲೇ.

ಆರ್ಗನೊಫಾಸ್ಫೇಟ್ ಕೀಟನಾಶಕ ಮೈಸೇರಿದರೂ ಕೆಡುವುದು ಇಲ್ಲೇ. ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವ ನಿಂತು, ಅದು ಮಿತಿಮೀರುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಅಟ್ರೊಪಿನ್ ಈ ಗ್ರಾಹಕಗಳನ್ನೇ ಮುಚ್ಚುತ್ತದೆ. ಸಿಂಪಡಿಸಿದವನಿಗೆ ಬೆವರು, ಜೊಲ್ಲು ಸುರಿದು ಕಣ್ಣು ಮಂಜಾದರೆ "ಅಡಿಕೆ ಸೊಕ್ಕಿದೆ" ಎಂದು ಕೂರಬೇಡಿ. ಬಟ್ಟೆ ಬಿಚ್ಚಿಸಿ, ಸೋಪಿನಿಂದ ಮೈ ತೊಳೆಸಿ, ಔಷಧದ ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.