ಬೀಳು ನೆಲದ ಒಡೆಯರು
ಬೈಲಹೊಂಗಲ ತಾಲ್ಲೂಕಿನ ದೊಡವಾಡದ ಸುತ್ತ ಹಬ್ಬಿರುವುದು ಹತ್ತಿ, ಜೋಳ, ಕಡಲೆಗಳ ಎರೆಬಯಲು. ಇಂಥ ಬಯಲುಸೀಮೆಯೇ ಚಿಗರಿಯ, ಅರ್ಥಾತ್ ಕೃಷ್ಣಮೃಗದ, ತವರು. ಹಿಂದೆ ಅದರ ಬೇಟೆ ಅರಸರಿಗೂ ಆಂಗ್ಲ ಅಧಿಕಾರಿಗಳಿಗೂ ವಿನೋದವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಬಂದೂಕನ್ನು ತಡೆಯಿತು. 1974ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 119 ಚದರ ಕಿಲೋಮೀಟರು ಪ್ರದೇಶ ಅಭಯಧಾಮವಾಯಿತು, ಚಿಗರಿ ಉಳಿಯಿತು.

ಆದರೆ ಅಲ್ಲಿಯ ಹುಲ್ಲುಗಾವಲಿನಲ್ಲಿ ನೀಲಗಿರಿ ತೋಪುಗಳು ವಿಸ್ತಾರವಾಗಿ ಬೆಳೆದವು. ತೆರೆದ ನೆಲದ ಮೇಲೆಯೇ ಮೊಟ್ಟೆಯಿಡುವ ಎರ್ಲಡ್ಡು ಹಕ್ಕಿ ಕಣ್ಮರೆಯಾಯಿತು. ಹುಲ್ಲು ಸಾಲದಾದಾಗ ಚಿಗರಿಗೆ ರೈತನ ಹೊಲವೇ ಗತಿ. ಬೆಳೆ ಕಳೆದುಕೊಂಡವನಿಗೆ ಪರಿಹಾರಧನ ಸಲ್ಲಲೇಬೇಕು. ಅದರೊಡನೆ, ಕಂದಾಯದ ಕಡತದಲ್ಲಿ ‘ಬೀಳು’ ಎನಿಸಿಕೊಂಡ ಹುಲ್ಲುನೆಲ ಮೂಕಪ್ರಾಣಿಗಳ ಮನೆಯೆಂಬುದನ್ನೂ ಒಪ್ಪಿಕೊಳ್ಳಬೇಡವೇ?