ಮೈಲೇಜ್ ಕುಸಿದ ಹಳೆಯ ಕಾರು: ನಷ್ಟದ ಗಾತ್ರವೇ ಮೊದಲ ಸಾಕ್ಷಿ

ಲೀಟರಿಗೆ 16 ಕಿ.ಮೀ. ಕೊಡುತ್ತಿದ್ದ ಹಳೆಯ ಪೆಟ್ರೋಲ್ ಕಾರು 12ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ. ಗ್ಯಾರೇಜಿಗೆ ಹೋದರೆ ಏರ್ ಫಿಲ್ಟರ್ ಬದಲಾಗುತ್ತದೆ, ಸ್ಪಾರ್ಕ್ ಪ್ಲಗ್ ಹೊಸದಾಗುತ್ತದೆ, ಇಂಜೆಕ್ಟರ್ ಕ್ಲೀನಿಂಗ್ ಆಗುತ್ತದೆ, ಕೊನೆಗೆ ಒಂದು ಬಾಟಲಿ ಅಡಿಟಿವ್ ಕೂಡ ಟ್ಯಾಂಕಿಗೆ ಬೀಳುತ್ತದೆ. ಬಿಲ್ಲು ಬೆಳೆಯುತ್ತದೆ, ಮೈಲೇಜ್ ಇದ್ದಲ್ಲೇ ಇರುತ್ತದೆ. ಇದರಲ್ಲಿ ಮೆಕ್ಯಾನಿಕ್‌ನ ಮೋಸ ಇರಲೇಬೇಕೆಂದಿಲ್ಲ. ತಪ್ಪಿರುವುದು ಹುಡುಕುವ ಕ್ರಮದಲ್ಲಿ. ಯಾವ ದೋಷ ಎಷ್ಟು ಪೆಟ್ರೋಲ್ ತಿನ್ನಬಲ್ಲದು ಎಂದು ಕೇಳಿಕೊಳ್ಳದೆಯೇ ಬಿಡಿಭಾಗ ಬದಲಿಸಲು ಹೊರಡುತ್ತೇವೆ. ಪ್ರತಿ ದೋಷಕ್ಕೂ ಒಂದು ಮಿತಿಯಿದೆ. ಆಗಿರುವ ನಷ್ಟವನ್ನು ಆ ಮಿತಿಯ ಪಕ್ಕದಲ್ಲಿಟ್ಟು ನೋಡಿದರೆ, ಬಾನೆಟ್ ಎತ್ತುವ ಮೊದಲೇ ಎಷ್ಟೋ ಅನುಮಾನಗಳು ಬಿದ್ದುಹೋಗುತ್ತವೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಮೈಲೇಜನ್ನು ತಿರುಗಿಸಿ ಹೇಳೋಣ: ಮೊದಲು 100 ಕಿ.ಮೀ.ಗೆ 6.25 ಲೀಟರ್ ಕುಡಿಯುತ್ತಿದ್ದ ಕಾರು ಈಗ 8.3 ಲೀಟರ್ ಕುಡಿಯುತ್ತಿದೆ. ಹೆಚ್ಚುವರಿ ಎರಡು ಲೀಟರ್ ಎಲ್ಲಿಗೋ ಹೋಗುತ್ತಿದೆ. ಶಕ್ತಿ ಮಾಯವಾಗುವುದಿಲ್ಲ, ಹಾಗಾಗಿ ಆ ಎರಡು ಲೀಟರಿಗೂ ಒಂದು ವಿಳಾಸ ಇರಲೇಬೇಕು.

ಈ ಅಂಕಿಯೇ ಸರಿಯಿಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ನಂಬಬೇಡಿ. ಒಂದೇ ಬಂಕಿನಲ್ಲಿ, ಗನ್ ತಾನಾಗಿ ಕಟ್ ಆಗುವವರೆಗೆ ಫುಲ್ ಟ್ಯಾಂಕ್ ಮಾಡಿಸಿ, ಓಡಿಸಿ, ಮತ್ತೆ ಅಲ್ಲೇ ಫುಲ್ ಮಾಡಿಸಿ ಭಾಗಿಸುವುದನ್ನು ಮೂರು ನಾಲ್ಕು ಸಲವಾದರೂ ಮಾಡಬೇಕು. ಹೋಲಿಕೆಯೂ ಆ ಕಾರಿನ ಹಿಂದಿನ ಲೆಕ್ಕದ ಜೊತೆಗಿರಲಿ, ಜಾಹೀರಾತಿನ ಅಂಕಿಯ ಜೊತೆಗಲ್ಲ. ಅದು ಪ್ರಯೋಗಾಲಯದ ರೋಲರ್‌ಗಳ ಮೇಲೆ, ನಿಗದಿತ ವೇಗಗಳಲ್ಲಿ ಓಡಿಸಿ ಬಂದದ್ದು.

ಈಗ ಎಲ್ಲರೂ ಮೊದಲು ಬೆರಳು ತೋರಿಸುವ ದೋಷಗಳನ್ನು ತೂಗೋಣ. ಅಮೆರಿಕದ ಓಕ್ ರಿಜ್ ನ್ಯಾಷನಲ್ ಲ್ಯಾಬೊರೇಟರಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಜೆಕ್ಷನ್ ಇರುವ ಕಾರುಗಳಲ್ಲಿ ಏರ್ ಫಿಲ್ಟರ್ ಕಟ್ಟಿಕೊಂಡರೆ ಎಳೆಯುವ ಶಕ್ತಿ ತಗ್ಗುತ್ತದೆಯೇ ಹೊರತು ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ. ಒಳಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲನ್ನು ಎಂಜಿನ್ನಿನ ಕಂಪ್ಯೂಟರ್ ಬಿಡುತ್ತದೆ. ಫಿಲ್ಟರ್ ಮೈಲೇಜ್ ತಿನ್ನುತ್ತದೆ ಎಂಬ ಮಾತು ಕಾರ್ಬ್ಯುರೇಟರ್ ಕಾಲದಿಂದ ಬಂದದ್ದು, ಆ ಕಾಲಕ್ಕೆ ಅದು ನಿಜವೂ ಆಗಿತ್ತು. ಟೈರಿನ ಗಾಳಿ ಒಂದು ಪಿಎಸ್‌ಐ ಇಳಿದರೆ ಮೈಲೇಜ್ ಶೇ 0.2ರಷ್ಟು ತಗ್ಗುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ನಾಲ್ಕೂ ಟೈರಿನಲ್ಲಿ ಹತ್ತು ಪಿಎಸ್‌ಐ ಕಡಿಮೆಯಿದ್ದರೂ ನಷ್ಟ ಶೇ 2. ಇನ್ನು ಇತ್ತೀಚೆಗೆ ಎಲ್ಲರ ಬಾಯಲ್ಲಿರುವ ಎಥೆನಾಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿಯಿದ್ದರೆ ಎಥೆನಾಲಿನಲ್ಲಿ ಸುಮಾರು 21. ಶೇ 20 ಎಥೆನಾಲ್ ಬೆರೆಸಿದ ಇಂಧನದ ಶಕ್ತಿ ಶುದ್ಧ ಪೆಟ್ರೋಲಿಗಿಂತ ಶೇ 7ರಷ್ಟು ಕಡಿಮೆ, ಶೇ 10 ಬೆರೆಸಿದ್ದಕ್ಕಿಂತ ಶೇ 3.5ರಷ್ಟು ಕಡಿಮೆ. ಹಳೆಯ ಕಾರಿನ ರಬ್ಬರ್ ಭಾಗಗಳಿಗೆ ಅದು ಏನು ಮಾಡುತ್ತದೆ ಎಂಬುದು ಬೇರೆಯದೇ ಚರ್ಚೆ. ಆದರೆ ಮೈಲೇಜಿನಲ್ಲಿ ಕಾಲು ಭಾಗ ಕುಸಿತಕ್ಕೆ ಎಥೆನಾಲೊಂದನ್ನೇ ದೂರಿದರೆ ಗಣಿತ ಒಪ್ಪುವುದಿಲ್ಲ. ‘ಇವೆಲ್ಲ ಸಣ್ಣವೇ ಇರಬಹುದು, ಸೇರಿದರೆ ದೊಡ್ಡದಾಗುವುದಿಲ್ಲವೇ’ ಎಂದು ಕೇಳಬಹುದು. ಸೇರಿಸಿಯೇ ನೋಡೋಣ: ಟೈರಿನ ಗಾಳಿ, ಎಥೆನಾಲ್, ಜೊತೆಗೆ ತಪ್ಪು ಗ್ರೇಡಿನ ಆಯಿಲ್‌ನಿಂದಾಗುವ ಶೇ 1-2. ಒಟ್ಟು ಮುಕ್ಕಾಲು ಲೀಟರ್ ದಾಟುವುದೂ ಕಷ್ಟ. ನಾವು ಹುಡುಕುತ್ತಿರುವುದು ಎರಡು ಲೀಟರ್.

ಎರಡು ಲೀಟರನ್ನು ಒಂದೇ ಏಟಿಗೆ ನುಂಗಬಲ್ಲವು ಬೆರಳೆಣಿಕೆಯಷ್ಟು. ಅದರಲ್ಲಿ ಮೊದಲನೆಯದು ಕಾರಿನೊಳಗೆ ಇಲ್ಲವೇ ಇಲ್ಲ. ಎ.ಸಿ. ಹಾಕಿ ನಿಂತಲ್ಲೇ ಉರಿಯುವ ಸಣ್ಣ ಎಂಜಿನ್ ಗಂಟೆಗೆ 0.8 ಲೀಟರ್ ಸುಡುತ್ತದೆ ಎಂದು ಹಿಡಿಯಿರಿ. ಗಂಟೆಗೆ ಸರಾಸರಿ 25 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದ ದಾರಿ, ಮೆಟ್ರೊ ಕಾಮಗಾರಿಯೋ ಹೊಸ ಸಿಗ್ನಲ್ಲೋ ಬಂದು 15ಕ್ಕೆ ಇಳಿದರೆ, 100 ಕಿ.ಮೀ. ಕ್ರಮಿಸಲು ನಾಲ್ಕು ಗಂಟೆಯ ಬದಲು ಆರು ಗಂಟೆ ನಲವತ್ತು ನಿಮಿಷ ಬೇಕು. ಆ ಹೆಚ್ಚುವರಿ ಹೊತ್ತೆಲ್ಲ ನಿಂತೇ ಕಳೆದರೆ ಸುಟ್ಟುಹೋಗುವುದು 2.1 ಲೀಟರ್. ಕಾರಿಗೆ ಏನೂ ಆಗದೆಯೇ 16 ಇದ್ದದ್ದು 12 ಆಗಿಬಿಟ್ಟಿತು! ಬೆಂಗಳೂರಿನಂಥ ಊರಲ್ಲಿ ‘ಕಾರು ಹಳೆಯದಾಯಿತು’ ಎಂಬ ದೂರಿನ ಹಿಂದೆ ಇದು ಇರುವ ಸಾಧ್ಯತೆ ದೊಡ್ಡದು. ಬೇರ್ಪಡಿಸುವುದು ಸುಲಭ: ಬೆಳಗಿನ ಜಾವ ಹೆದ್ದಾರಿಯಲ್ಲಿ ಒಂದೇ ಹದದ ವೇಗದಲ್ಲಿ ಓಡಿಸಿ ಅಳೆದಾಗ ಹಳೆಯ ಹೆದ್ದಾರಿ ಮೈಲೇಜ್ ಬಂದರೆ, ಕಾರನ್ನು ಗ್ಯಾರೇಜಿಗೆ ಒಯ್ಯುವ ಅಗತ್ಯವಿಲ್ಲ.

ಅಲ್ಲೂ ಬರಲಿಲ್ಲವೆಂದರೆ ದೋಷ ಕಾರಿನಲ್ಲೇ ಇದೆ. ಆಗ ಚಕ್ರದಿಂದ ಶುರುಮಾಡಬೇಕು. ಹಿಡಿದುಕೊಂಡ ಬ್ರೇಕ್ ಕ್ಯಾಲಿಪರ್ ಅಥವಾ ಪೂರ್ತಿ ಬಿಡದ ಹ್ಯಾಂಡ್ ಬ್ರೇಕ್ ಕೇಬಲ್, ಹತ್ತು ಕೆ.ಜಿ. ಭಾರದಷ್ಟು ಬಲದಿಂದ ಕಾರನ್ನು ಹಿಂದಕ್ಕೆಳೆಯುತ್ತಿದ್ದರೆ 100 ಕಿ.ಮೀ.ಗೆ ಹತ್ತು ಮೆಗಾಜೌಲ್ ಹಾಳಾಗುತ್ತದೆ. ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಶೇ 30ರಷ್ಟನ್ನು ಮಾತ್ರ ಚಲನೆಯಾಗಿಸಬಲ್ಲದು ಎಂದರೆ ಅದಕ್ಕೆ ಒಂದು ಲೀಟರ್ ಪೆಟ್ರೋಲ್ ಬೇಕು. ಒಳ್ಳೆಯ ಸಂಗತಿಯೆಂದರೆ ಆ ಶಕ್ತಿಗೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ, ಅದು ಶಾಖವಾಗಿಯೇ ಹೊರಬರಬೇಕು. ಹೆಚ್ಚು ಬ್ರೇಕ್ ಹಾಕದೆ ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಪ್ರತಿ ಚಕ್ರದ ರಿಮ್ಮಿನ ಹತ್ತಿರ ಕೈಯೊಡ್ಡಿ ನೋಡಿದರೆ, ಜಾಮ್ ಆದ ಚಕ್ರ ಮಿಕ್ಕ ಮೂರಕ್ಕಿಂತ ಬಿಸಿಯಾಗಿ ತಾನೇ ಹೇಳುತ್ತದೆ.

ಚಕ್ರಗಳು ಸಲೀಸಾಗಿ ತಿರುಗುತ್ತಿದ್ದರೆ ಮುಂದಿನ ಪ್ರಶ್ನೆ ಎಂಜಿನ್ನಿನ ಬಿಸಿಯದು. ನಮ್ಮಲ್ಲಿ ಹಳೆಯ ಕಾರುಗಳಿಗೆ ಆಗುವ ಒಂದು ದೊಡ್ಡ ಅನ್ಯಾಯ ಇಲ್ಲಿದೆ. ಒಮ್ಮೆ ಓವರ್‌ಹೀಟ್ ಆಯಿತೆಂದು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು, ಹಾಗೆಯೇ ಮುಚ್ಚಿ ಕಳಿಸಿಬಿಡುತ್ತಾರೆ. ‘ನಮ್ಮ ಸೆಕೆಗೆ ಅದು ಬೇಕಿಲ್ಲ’ ಎಂಬುದು ಸಮರ್ಥನೆ. ಈ ಮಾತು ನಿಲ್ಲುವುದಿಲ್ಲ. ಸುಮಾರು 82ರಿಂದ 88 ಡಿಗ್ರಿಯಲ್ಲಿ ಒಳಗಿನ ಮೇಣ ಕರಗಿ ಹಿಗ್ಗಿ ತೆರೆದುಕೊಳ್ಳುವ ಆ ವಾಲ್ವ್, ಅಲ್ಲಿಯವರೆಗೂ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುತ್ತದೆ. ಹೊರಗೆ 35 ಡಿಗ್ರಿ ಬಿಸಿಲಿದ್ದರೂ ಎಂಜಿನ್ನಿಗೆ ಅದಕ್ಕಿಂತ 50 ಡಿಗ್ರಿ ಹೆಚ್ಚು ಬೇಕು. ವಾಲ್ವ್ ಇಲ್ಲದಿದ್ದರೆ ಕೂಲಂಟ್ ಅರವತ್ತು ಎಪ್ಪತ್ತರಲ್ಲೇ ತೆವಳುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದ ಕಂಪ್ಯೂಟರ್, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಕೊಡುವಂತೆ ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಆಯಿಲ್ ದಪ್ಪಗಾಗಿಯೇ ಉಳಿದು ತಿಕ್ಕಾಟವೂ ಹೆಚ್ಚುತ್ತದೆ. ಇದಕ್ಕೊಂದು ಸ್ಪಷ್ಟ ಗುರುತಿದೆ: ಟ್ರಾಫಿಕ್ಕಿನಲ್ಲಿ ಏರಿದ ಕೂಲಂಟ್ ಬಿಸಿ, ಹೆದ್ದಾರಿಯಲ್ಲಿ ಗಾಳಿ ಬಡಿದೊಡನೆ ಇಳಿಯತೊಡಗುತ್ತದೆ. ಥರ್ಮೋಸ್ಟಾಟ್ ಸರಿಯಿರುವ ಕಾರಿನಲ್ಲಿ ಹೀಗಾಗುವುದಿಲ್ಲ. ವಾಲ್ವ್ ಹಾಕಿಸಿದ ಮೇಲೆ ಮತ್ತೆ ಓವರ್‌ಹೀಟ್ ಆದರೆ, ಹುಡುಕಬೇಕಾದದ್ದು ಕಟ್ಟಿಕೊಂಡ ರೇಡಿಯೇಟರನ್ನೋ ನಿಂತ ಫ್ಯಾನನ್ನೋ.

ಬಿಸಿಯೂ ಸರಿಯಿದ್ದರೆ ಉಳಿಯುವುದು ಮಿಶ್ರಣ. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಈ ಹದವನ್ನು ಕಾಯುವುದು ಸೈಲೆನ್ಸರ್ ಪೈಪಿನಲ್ಲಿ ಕೂತ ಆಕ್ಸಿಜನ್ ಸೆನ್ಸರ್. 1976ರಲ್ಲಿ ವೋಲ್ವೊ ಕಾರಿನಲ್ಲಿ ಮೊದಲು ಬಂದ ಈ ಬಾಷ್ ಸೆನ್ಸರಿನ ಜಿರ್ಕೋನಿಯಾ ಪಿಂಗಾಣಿ, ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ 0.1 ವೋಲ್ಟ್ ಆಸುಪಾಸು, ಇಲ್ಲದಿದ್ದರೆ 0.9 ವೋಲ್ಟ್ ಆಸುಪಾಸು ತೋರಿಸುತ್ತದೆ. ಆರೋಗ್ಯವಂತ ಸೆನ್ಸರ್ ಇವೆರಡರ ನಡುವೆ ಬಿಡುವಿಲ್ಲದೆ ಜೀಕುತ್ತದೆ. ಮುಪ್ಪಾದದ್ದು ನಿಧಾನಿಸುತ್ತದೆ, ಅಥವಾ ಕೆಳಗೇ ಅಂಟಿಕೊಳ್ಳುತ್ತದೆ. ಆಗ ಗಾಳಿ ಹೆಚ್ಚಾಗಿದೆ ಎಂದು ನಂಬಿದ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ. ಸ್ಕ್ಯಾನರಿನಲ್ಲಿ ‘ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್’ ಎಂಬ ಅಂಕಿ ಕಂಪ್ಯೂಟರ್ ಮಾಡುವ ಈ ಹೆಚ್ಚು-ಕಡಿಮೆಯನ್ನೇ ಶೇಕಡಾವಾರು ದಾಖಲಿಸುತ್ತದೆ. ಹತ್ತರೊಳಗಿದ್ದರೆ ಚಿಂತೆಯಿಲ್ಲ, ಎಥೆನಾಲಿನಿಂದಲೇ ಕೆಲವು ಅಂಶ ಏರಿರುತ್ತದೆ. ಟ್ರಿಮ್ ಪ್ಲಸ್ ಇಪ್ಪತ್ತು ತೋರಿಸುತ್ತಿದ್ದು, ಬಿಚ್ಚಿದ ಪ್ಲಗ್‌ಗಳ ಮೇಲೆ ಒಣ ಕಪ್ಪು ಮಸಿ ಕೂತಿದ್ದರೆ ಎರಡು ಸಾಕ್ಷಿಗಳು ಒಂದನ್ನೊಂದು ಅಲ್ಲಗಳೆಯುತ್ತಿವೆ: ಕಂಪ್ಯೂಟರ್ ಪೆಟ್ರೋಲ್ ಸಾಲದು ಅನ್ನುತ್ತಿದೆ, ಪ್ಲಗ್ ಹೆಚ್ಚಾಗಿದೆ ಅನ್ನುತ್ತಿದೆ. ಪ್ಲಗ್ಗನ್ನೇ ನಂಬಬೇಕು. ಸೆನ್ಸರ್ ಸುಳ್ಳು ಹೇಳುತ್ತಿದೆ, ಇಲ್ಲವೇ ಅದರ ಹಿಂದಿನ ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ಅದಕ್ಕೆ ತಗುಲುತ್ತಿದೆ. ಟ್ರಿಮ್ ಮೈನಸ್ ಇಪ್ಪತ್ತಿದ್ದರೆ ಕಂಪ್ಯೂಟರ್ ಪೆಟ್ರೋಲ್ ಕಡಿತ ಮಾಡಲು ಹೆಣಗುತ್ತಿದೆ, ಸೋರುವ ಇಂಜೆಕ್ಟರನ್ನೋ ಪ್ರೆಷರ್ ರೆಗ್ಯುಲೇಟರನ್ನೋ ನೋಡಬೇಕು. ಇಂಥ ಗಂಭೀರ ದೋಷವನ್ನು ಸರಿಪಡಿಸಿದರೆ ಮೈಲೇಜ್ ಶೇ 40ರವರೆಗೂ ಏರಬಹುದು ಎನ್ನುತ್ತದೆ ಅಮೆರಿಕದ ಅದೇ ಇಂಧನ ಇಲಾಖೆ. 12ರಿಂದ 16ಕ್ಕೆ ಮರಳುವುದು ಶೇ 33ರ ಏರಿಕೆ, ಗಾತ್ರ ಹೊಂದುತ್ತದೆ.

ಚೆಕ್ ಎಂಜಿನ್ ದೀಪ ಹತ್ತಿಲ್ಲವಲ್ಲ ಎಂಬ ಆಕ್ಷೇಪ ಸಹಜ. ಸೆನ್ಸರಿನ ತಂತಿ ತುಂಡಾದರೆ ದೀಪ ಹತ್ತುತ್ತದೆ. ಸೆನ್ಸರ್ ಮೆಲ್ಲಗೆ ಮಂದವಾದರೆ, ಅದರಲ್ಲೂ ಹಳೆಯ ಕಾರುಗಳಲ್ಲಿ, ಎಷ್ಟೋ ಸಲ ಹತ್ತುವುದೇ ಇಲ್ಲ. ಸ್ಕ್ಯಾನರ್ ಸಿಗದವರ ಬಳಿಯೂ ಒಂದು ದಾಖಲೆ ಇದ್ದೇ ಇರುತ್ತದೆ: ಎಮಿಷನ್ ಟೆಸ್ಟಿನ ಚೀಟಿ. ಆಮ್ಲಜನಕ ಸಾಲದೆ ಉರಿದ ಪೆಟ್ರೋಲ್ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಬಿಎಸ್-4 ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಅದರ ಮಿತಿ ಶೇ 0.3. ಪ್ರಾಮಾಣಿಕವಾಗಿ ಅಳೆದ ನಾಲ್ಕಾರು ವರ್ಷದ ಚೀಟಿಗಳನ್ನು ಪಕ್ಕಪಕ್ಕ ಇಟ್ಟಾಗ ಆ ಅಂಕಿ ಏರುತ್ತಾ ಬಂದಿದ್ದರೆ ಕಾರಣ ಮಿಶ್ರಣದಲ್ಲಿರಬಹುದು.

ಎಂಜಿನ್ನೇ ಸವೆದಿದೆ, ರಿಂಗ್ ಹೋಗಿದೆ ಎಂಬ ತೀರ್ಪನ್ನು ಇಷ್ಟೆಲ್ಲ ಆದ ಮೇಲೆ, ಅದೂ ಕಂಪ್ರೆಷನ್ ಟೆಸ್ಟ್ ಮಾಡಿಸಿದ ಮೇಲಷ್ಟೇ ಒಪ್ಪಬೇಕು. ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ಸವೆದಿರುವುದು ರಿಂಗ್, ಏರದಿದ್ದರೆ ಅನುಮಾನ ವಾಲ್ವ್‌ಗಳ ಮೇಲೆ. ಹಾಗೆಂದು ಸವೆದದ್ದನ್ನೆಲ್ಲ ಕೂಡಲೇ ಬೋರ್ ಮಾಡಿಸಬೇಕಿಲ್ಲ. ವರ್ಷಕ್ಕೆ 8,000 ಕಿ.ಮೀ. ಓಡುವ ಕಾರು 16ರ ಬದಲು 14 ಕೊಟ್ಟರೆ ಹೆಚ್ಚಿಗೆ ಸುಡುವುದು 71 ಲೀಟರ್, ಲೀಟರಿಗೆ ನೂರು ರೂಪಾಯಿಯಂತೆ ಏಳು ಸಾವಿರ ರೂಪಾಯಿ ಚಿಲ್ಲರೆ. ಎಂಜಿನ್ ಕೆಲಸದ ಖರ್ಚು ಅದರ ಎಷ್ಟೋ ಪಟ್ಟು. ಆಯಿಲ್ ಸುಡದೆ, ನೀಲಿ ಹೊಗೆ ಬಿಡದೆ ಓಡುತ್ತಿರುವವರೆಗೆ ಆ ಕೆಲಸ ಕಾಯಬಹುದು. ಕೆಟ್ಟ ಆಕ್ಸಿಜನ್ ಸೆನ್ಸರ್ ಮಾತ್ರ ಕಾಯಬಾರದು. ಹೆಚ್ಚಾದ ಪೆಟ್ರೋಲ್ ಸೈಲೆನ್ಸರಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ, ಅದರ ಬೆಲೆ ಸೆನ್ಸರಿಗಿಂತ ಬಹಳ ದೊಡ್ಡದು.